ತುರಂಗದ ಬಾಗಿಲಲ್ಲಿ ನಿಂತವರು

ಠಾಣೆಯಲ್ಲಿ ಕೋರ್ಟಿನ ಕಡೆಗೆ ಹೋಗುವಾಗ ಆ ಹಳೆಯ ಕೋಟೆಯ ಗೋಡೆಯನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಪೋರ್ತುಗೀಜರು ಕಟ್ಟಲಾರಂಭಿಸಿ, ಮರಾಠರು 1737ರಲ್ಲಿ ಗೆದ್ದು, 1774ರಲ್ಲಿ ಇಂಗ್ಲಿಷರ ಕೈಸೇರಿದ ಆ ಕೋಟೆಯೇ ಇಂದಿನ ಠಾಣೆಯ ಸೆಂಟ್ರಲ್ ಜೈಲು. ನಮ್ಮ ಉತ್ತರ ಕರ್ನಾಟಕದ ಹಿರಿಯರ ಮಾತಿನಲ್ಲಿ ತುರಂಗ. ಒಳಗಿದ್ದವರ ಚರಿತ್ರೆಯನ್ನು ಬರೆದವರುಂಟು. ಹೊರಗೆ ನಿಂತು ಅವರ ಸುದ್ದಿಗಾಗಿ ಕಾದವರ ಚರಿತ್ರೆ ಮಾತ್ರ ಅಲ್ಲಲ್ಲಿ ಚೂರುಚೂರಾಗಿ ದೊರೆಯುತ್ತದೆ.

ಪೇಶವೆಯ ಮಂತ್ರಿ ತ್ರಿಂಬಕಜೀ ಡೇಂಗಳೆಯನ್ನು 1815ರಲ್ಲಿ ಈ ಕೋಟೆಯಲ್ಲಿ ಸೆರೆಯಿಟ್ಟಾಗ ಇಂಗ್ಲಿಷರು ಕಾವಲಿಗೆ ಯುರೋಪಿಯನ್ ಸಿಪಾಯಿಗಳನ್ನೇ ನೇಮಿಸಿದರು. ದೇಶೀಯರ ಮೇಲೆ ನಂಬಿಕೆ ಸಾಲದು. ಆದರೆ ಅಲ್ಲಿನ ಅಧಿಕಾರಿಯೊಬ್ಬನ ಬಳಿ ಕೆಲಸಕ್ಕೆ ಸೇರಿದ್ದ ಕುದುರೆಯಾಳು, ಕಿಟಕಿಯ ಕೆಳಗೆ ಕುದುರೆ ತಿಕ್ಕುತ್ತ ಮರಾಠಿಯಲ್ಲಿ ಹಾಡತೊಡಗಿದನು. ಸಿಪಾಯಿಗಳಿಗೆ ಅದು ಬರಿಯ ಹಾಡು. ಮೇಲಿದ್ದವನಿಗೆ ಅದು ಹೊರಗಿನ ಸಂದೇಶ. 1816ರ ಸೆಪ್ಟೆಂಬರಿನ ಒಂದು ರಾತ್ರಿ ತ್ರಿಂಬಕಜೀ ಕೋಟೆಯಿಂದ ಪಾರಾದನು. ಅವನೇನೂ ಸಾಧುಪುರುಷನಲ್ಲ, ಆದರೂ ತಾಯ್ನುಡಿ ಕಲ್ಲಿನ ಗೋಡೆಯನ್ನು ದಾಟಿದ ಈ ಪ್ರಸಂಗವನ್ನು ಪರನಾಡಿನಲ್ಲಿರುವ ನಾವು ಮರೆಯಲಾರೆವು.

1910ರ ಏಪ್ರಿಲ್ 19ರಂದು ಇದೇ ತುರಂಗದಲ್ಲಿ ಅನಂತ ಕಾನ್ಹೇರೆ, ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಈ ಮೂವರು ತರುಣರನ್ನು ಗಲ್ಲಿಗೇರಿಸಿದರು. ಶವಗಳನ್ನು ಕೂಡ ಬಂಧುಗಳಿಗೆ ಕೊಡಲಿಲ್ಲ.

ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಸೀಮೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿನ ಸತ್ಯಾಗ್ರಹಿಗಳು ಪುಣೆಯ ಯೆರವಡೆಯವರೆಗೂ ಹೋಗಬೇಕಾಗುತ್ತಿತ್ತು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು 1932ರಲ್ಲಿ ಅಲ್ಲಿ ನಾಲ್ಕು ತಿಂಗಳು ಸೆರೆಯಲ್ಲಿದ್ದರು. ಚಿಕ್ಕ ವಯಸ್ಸಿನಲ್ಲಿ ವಿಧವೆಯಾದ ಸೊಸೆಗೆ ಬೆಂಬಲವಾಗಿ ನಿಂತಿದ್ದ ಮಾವ ಆನಂದರಾಯರು ಅದೇ ಅವಧಿಯಲ್ಲಿ ತೀರಿಕೊಂಡರು. ಸೆರೆಯೆಂಬುದು ಒಳಗಿನವರಿಗೆ ಮನೆಯ ಸಾವನ್ನೂ ದೂರ ಮಾಡುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಇದೆಲ್ಲ ಮುಗಿಯಿತೆಂದು ತಿಳಿಯುವಂತಿರಲಿಲ್ಲ. ಮಂಗಳೂರಿನಿಂದ 1949ರಲ್ಲಿ ಮುಂಬಯಿಗೆ ಬಂದು ಹೋಟೆಲು, ಟ್ಯಾಕ್ಸಿ ಕೆಲಸಗಾರರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸರನ್ನು ನಮ್ಮ ಹೋಟೆಲಿನವರಿಗೆ ಪರಿಚಯಿಸಬೇಕಾಗಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಅವರು ಭೂಗತರಾದರು. ತಮ್ಮ ಮೈಕೇಲ್ ಆ ಡಿಸೆಂಬರಿನಲ್ಲೇ ಬೆಂಗಳೂರಿನ ಜೈಲು ಸೇರಿದರು. ಇನ್ನೊಬ್ಬ ತಮ್ಮ ಲಾರೆನ್ಸರನ್ನು 1976ರ ಮೇ 1ರ ರಾತ್ರಿ ಪೊಲೀಸರು ಬೆಂಗಳೂರಿನ ಮನೆಯಿಂದ ಕರೆದೊಯ್ದರು. ಅಣ್ಣನೆಲ್ಲಿ ಎಂಬುದೇ ಪ್ರಶ್ನೆ. ತರುವಾಯ ಅವರನ್ನು ಜೈಲಿಗೆ ತಂದರು. ಆ ತಿಂಗಳಲ್ಲೇ ತಾಯಿ ಆಲಿಸ್ ಅವರಿಗೆ ಮಗನ ಭೇಟಿ ದೊರೆಯಿತು: ಇಬ್ಬರು ಹಿಡಿದುಕೊಳ್ಳದೆ ಹೆಜ್ಜೆ ಇಡಲಾರದ ಮಗ. ಆ ತಾಯಿ ಅತ್ತು ಮನೆಗೆ ಹಿಂದಿರುಗಲಿಲ್ಲ. ನಡೆದುದನ್ನೆಲ್ಲ ಬರೆದು ರಾಷ್ಟ್ರಪತಿಗಳಿಗೇ ಕಾಗದ ಹಾಕಿದರು. ಹೊರಗೆ ನಿಂತವರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಾಖಲೆಯನ್ನು ನಾವು ಕಾಣೆವು.

ಕೋರ್ಟಿಗೆ ಹೋಗಬಾರದಾಗಿತ್ತೆ? ಹೋಗಿ ಫಲವಿರಲಿಲ್ಲ. ಬಂಧಿಗಳ ಅರ್ಜಿಯನ್ನು ಕೇಳಬಹುದೆಂದು ಹಲವು ಹೈಕೋರ್ಟುಗಳು ಹೇಳಿದ್ದವು, ಕರ್ನಾಟಕದ್ದೂ ಅವುಗಳಲ್ಲೊಂದು. ಆದರೆ ಲಾರೆನ್ಸರನ್ನು ಒಯ್ಯುವುದಕ್ಕೆ ಮೂರೇ ದಿನ ಮುಂಚೆ, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟು ಆ ಬಾಗಿಲನ್ನು ಮುಚ್ಚಿತ್ತು. ಐವರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು ಅದೇ ನ್ಯಾಯಾಲಯ 2017ರಲ್ಲಿ ತಳ್ಳಿಹಾಕಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು.

ಈ ನಡುವೆ ಮುಲಾಖತ್ತಿನ ವಿಷಯದಲ್ಲಿಯೂ ಕಾನೂನು ಮುಂದುವರಿದಿತ್ತು. ದಿಲ್ಲಿಯ ಸೆರೆಯಲ್ಲಿದ್ದ ಒಬ್ಬ ಹೆಣ್ಣುಮಗಳಿಗೆ ಐದು ವರ್ಷದ ಮಗಳನ್ನು ತಿಂಗಳಿಗೊಮ್ಮೆ ಮಾತ್ರ ಕಾಣಲು ಬಿಡುತ್ತಿದ್ದರು. ಅದು ಅನ್ಯಾಯವೆಂದೂ ಮನೆಯವರನ್ನು, ವಕೀಲರನ್ನು ಕಾಣುವುದು ಜೀವಿಸುವ ಹಕ್ಕಿಗೇ ಸೇರಿದುದೆಂದೂ 1981ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಹಿಡಿದವನನ್ನು ಎಲ್ಲಿ ಇಟ್ಟಿದ್ದಾರೆಂದು ಅವನ ಬಂಧುವಿಗೋ ಮಿತ್ರನಿಗೋ ತಿಳಿಸಲೇಬೇಕೆಂದು 1996ರಲ್ಲಿ ಹೇಳಿತು. ಈಗ ಅದು ಶಾಸನದಲ್ಲಿಯೇ ಇದೆ. ಆಲಿಸಮ್ಮನವರಿಗೆ ಇದೊಂದು ಇದ್ದಿದ್ದರೆ!

ಈಗ ನಮ್ಮ ಸುತ್ತಮುತ್ತ ಠಾಣೆಯಲ್ಲದೆ ಕಲ್ಯಾಣದ ಆಧಾರವಾಡಿ, ನವಿ ಮುಂಬಯಿಯ ತಳೋಜಾ ಇವೆ. ಸೆರೆಮನೆಯ ಕಾಗದಗಳನ್ನು ಅಧಿಕಾರಿಗಳು ಓದಿಯೇ ದಾಟಿಸುವುದರಿಂದ ಕನ್ನಡದ ಕಾಗದ ಓದುವವರನ್ನು ಕಾಯಬೇಕಾಗುವುದು ಸಹಜ. ನಿನ್ನೆಮೊನ್ನೆ ಊರಿನಿಂದ ಬಂದ ತಾಯಿಗೆ ಮರಾಠಿಯ ಅರ್ಜಿ ತುಂಬಲು ಬರುವುದಿಲ್ಲ. ನಮ್ಮಲ್ಲಿ ಇಂಥ ಸಂಗತಿಯನ್ನು ನಾಚಿಕೆಯಿಂದ ಮುಚ್ಚಿಡುವುದೇ ಹೆಚ್ಚು. ಅಪರಾಧ ಸಿದ್ಧವಾಗುವ ಮುನ್ನವೇ ನೆರೆಹೊರೆಯವರು ಮಾತು ಬಿಡುತ್ತಾರೆ. ಸಂಘದ ಇಬ್ಬರು ಮರಾಠಿ ಬಲ್ಲ ಹಿರಿಯರು ಮೊದಲನೆಯ ಮುಲಾಖತ್ತಿನ ದಿನ ಜೊತೆಗೆ ಹೋದರೆ ಸಾಕು. ಬಂಧನದಲ್ಲಿರುವವನಿಗೆ, ಆದಾಯವೆಷ್ಟೇ ಇರಲಿ, 1987ರ ಕಾಯಿದೆಯಂತೆ ಸರಕಾರದ ವೆಚ್ಚದಲ್ಲಿ ವಕೀಲರ ನೆರವು ದೊರೆಯಬೇಕು. ಅದಕ್ಕೆ ಅರ್ಜಿ ಹಾಕಬೇಕಾದ ಕಾನೂನು ಸೇವಾ ಪ್ರಾಧಿಕಾರ ಠಾಣೆ ಜಿಲ್ಲೆಯಲ್ಲಿಯೂ ಇದೆ.