ಓಲೆಯಲ್ಲಿ ಮೊಳೆತ ಮೈತ್ರಿ: ಟಾಲ್‌ಸ್ಟಾಯ್ ಮತ್ತು ಗಾಂಧೀಜಿ

ಕೆಲವು ಪತ್ರಮೈತ್ರಿಗಳು ಬೇರೊಬ್ಬರಿಗೆ ಬರೆದ ಓಲೆಯಿಂದ ಮೊಳೆಯುತ್ತವೆ. ತಾರಕನಾಥ ದಾಸ್ ಅವರಿಗೆ ಟಾಲ್‌ಸ್ಟಾಯ್ 1908ರ ಡಿಸೆಂಬರಿನಲ್ಲಿ ಬರೆದ ಸುದೀರ್ಘ ಉತ್ತರದ ಪ್ರತಿಯೊಂದು ಗಾಂಧೀಜಿಯವರ ಕೈಸೇರಿತು. 1909ರ ಅಕ್ಟೋಬರ್ 1ರಂದು, ತಮಗೆ 40 ತುಂಬುವ ಮುನ್ನಾದಿನ, ಲಂಡನ್ನಿನಲ್ಲಿದ್ದ ಅವರು 81ರ ಆ ವಯೋವೃದ್ಧರಿಗೆ ಮೊದಲ ಪತ್ರ ಬರೆದರು. ಟ್ರಾನ್ಸ್‌ವಾಲಿನ ಭಾರತೀಯರ ಹೋರಾಟವನ್ನು ವಿವರಿಸಿ, ಆ ಉತ್ತರದ 20,000 ಪ್ರತಿಗಳನ್ನು ಅಚ್ಚುಮಾಡಿಸಿ ಹಂಚಲು ಅನುಮತಿ ಕೋರಿದರು. ಜೊತೆಗೊಂದು ವಿನಂತಿ: ಅದರಲ್ಲಿ ಟಾಲ್‌ಸ್ಟಾಯ್ ಅಲ್ಲಗಳೆದ ನಂಬಿಕೆಗಳ ಸಾಲಿನಿಂದ ‘ಪುನರ್ಜನ್ಮ’ವನ್ನು ಕೈಬಿಡಬಹುದೆ? ಸೆರೆಮನೆ ಕಂಡ ಕೆಲವು ಸತ್ಯಾಗ್ರಹಿಗಳಿಗೆ ಆ ನಂಬಿಕೆಯೇ ಸಾಂತ್ವನವಾಗಿತ್ತೆಂದು ಅವರು ತಿಳಿಸಿದರು.

ಅಪರಿಚಿತನ ಮೊದಲ ಓಲೆಯಲ್ಲಿಯೇ ತಿದ್ದುಪಡಿಯ ಬೇಡಿಕೆ! ಟಾಲ್‌ಸ್ಟಾಯ್ ಮುನಿಯಲಿಲ್ಲ, ಮತವನ್ನು ಬದಲಿಸಲೂ ಇಲ್ಲ. ಆತ್ಮದ ಅಮರತ್ವದಲ್ಲಿರುವಷ್ಟು ದೃಢವಾದ ನಂಬಿಕೆ ಪುನರ್ಜನ್ಮದಲ್ಲಿ ಇರಲಾರದೆಂದು ಬರೆದು, ಬೇಕಿದ್ದರೆ ಆ ಪದವನ್ನು ತೆಗೆಯಬಹುದೆಂದರು. ಮೈತ್ರಿ ಗಟ್ಟಿಯಾದದ್ದು ಈ ಭಿನ್ನಾಭಿಪ್ರಾಯದ ನಡುವೆಯೇ ಎನ್ನಬೇಕು.

1910ರಲ್ಲಿ ಗಾಂಧೀಜಿ ‘ಹಿಂದ್ ಸ್ವರಾಜ್’ ಕಳುಹಿಸಿದರು; ಕಾಲೆನ್‌ಬಾಖ್ ನೀಡಿದ ಜಮೀನು ‘ಟಾಲ್‌ಸ್ಟಾಯ್ ಫಾರ್ಮ್’ ಆಯಿತು. ಸೆಪ್ಟೆಂಬರಿನಲ್ಲಿ ಟಾಲ್‌ಸ್ಟಾಯ್ ಪ್ರೇಮಧರ್ಮವನ್ನು ಕುರಿತು ದೀರ್ಘವಾದ ಕೊನೆಯ ಪತ್ರ ಬರೆದರು. ನವೆಂಬರ್ 20ರಂದು ಅಸ್ತಾಪೊವೊ ರೈಲು ನಿಲ್ದಾಣದಲ್ಲಿ ಅವರು ತೀರಿಕೊಂಡಾಗ, ಆ ಇಬ್ಬರೂ ಒಮ್ಮೆಯೂ ಮುಖಾಮುಖಿಯಾಗಿರಲಿಲ್ಲ.