ಒಂದು ಬೀಮು, ನಾಲ್ಕು ಲೆಕ್ಕ: ಇಚಲಕರಂಜಿಯ ನೇಯ್ಗೆಯಲ್ಲಿ ನಿಯಮ ಬದಲಾವಣೆಯ ಇತಿಹಾಸ

ಒಂದೇ ಕೆಲಸವನ್ನು ನಾಲ್ಕು ಸಂಸ್ಥೆಗಳು ಹಂಚಿಕೊಂಡು ಮಾಡುವಾಗ ಸರಕಾರದ ನಿಯಮ ಬದಲಾದರೆ ಅದರ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ನನ್ನ ಪ್ರಶ್ನೆ. ಉದಾಹರಣೆ ಇಚಲಕರಂಜಿಯದು. ನಮ್ಮ ದತ್ತವಾಡದ ಕಡೆಯವರಿಗೆ ದುಡಿಮೆಯ ಪೇಟೆ ಅಂದರೆ ಅದೇ.

ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದವರು ವಿಠ್ಠಲರಾವ್ ದಾತಾರ, 1904ರಲ್ಲಿ. ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಬೆಂಬಲ ಇತ್ತು. ಮುಂಬೈಯ ಗಿರಣಿಗಳಲ್ಲಿ ಒಂದೇ ಛಾವಣಿಯ ಕೆಳಗೆ ಆಗುತ್ತಿದ್ದ ಕೆಲಸ ಇಲ್ಲಿ ಹಂಚಿಹೋಯಿತು. ವ್ಯಾಪಾರಿ ನೂಲು ಕೊಳ್ಳುತ್ತಾನೆ. ಸೈಜಿಂಗ್‌ನವನು ಹಾಸಿನ ನೂಲಿಗೆ ಗಂಜಿ ಹಾಕಿ ಬೀಮಿಗೆ ಸುತ್ತುತ್ತಾನೆ. ಮಗ್ಗದವನು ನೇಯುತ್ತಾನೆ. ಕೋರಾ ಬಟ್ಟೆ ಬಣ್ಣ ಹಾಕಲು ಪ್ರೊಸೆಸ್ ಮನೆಗೆ ಹೋಗುತ್ತದೆ. ಇದರಲ್ಲಿ ಮಜೂರಿಗೆ ನೇಯುವವನಿಗೆ ಪೇಟೆಯಲ್ಲಿ 'ಖರ್ಚೀವಾಲಾ' ಅಂತಾರೆ. ಮಗ್ಗ ಅವನದು, ನೂಲೂ ಅವನದಲ್ಲ, ಬಟ್ಟೆಯೂ ಅವನದಲ್ಲ. ಕೂಲಿ ಪಿಕ್ ಲೆಕ್ಕದಲ್ಲಿ, ಪೈಸೆಗಳಲ್ಲಿ. ಇವರೆಲ್ಲರ ನಡುವೆ ಓಡಾಡುತ್ತಿದ್ದ ಕಾಗದ ಚಲನ್ ಪುಸ್ತಕ ಒಂದೇ. ಉಳಿದದ್ದೆಲ್ಲ ಬಾಯಿಮಾತು.

ಈ ಬಾಯಿಮಾತು ಇಷ್ಟು ವರ್ಷ ಬಾಳಿದ್ದಕ್ಕೆ ಒಂದು ಕಾನೂನೂ ಕಾರಣ. 1957ರ ಹೆಚ್ಚುವರಿ ಅಬಕಾರಿ ಸುಂಕದ ಕಾಯ್ದೆಯಿಂದ ಬಟ್ಟೆ, ಸಕ್ಕರೆ, ತಂಬಾಕಿನ ಮೇಲೆ ರಾಜ್ಯಗಳು ಮಾರಾಟ ತೆರಿಗೆ ಬಿಟ್ಟುಕೊಟ್ಟವು, ಬದಲಿಗೆ ಕೇಂದ್ರದ ಸುಂಕದಲ್ಲಿ ಪಾಲು ಪಡೆದವು. ಹಾಗಾಗಿ ಬಟ್ಟೆ ಪೇಟೆಗೆ ಮಾರಾಟ ತೆರಿಗೆಯ ರಿಟರ್ನ್ ತುಂಬುವ ರೂಢಿಯೇ ಬೆಳೆಯಲಿಲ್ಲ. 2003ರಲ್ಲಿ ಸೆನ್‌ವ್ಯಾಟ್ ಸರಪಳಿಯನ್ನು ಯಂತ್ರಮಗ್ಗಕ್ಕೂ ಎಳೆದಾಗ ಎದ್ದ ವಿರೋಧವನ್ನು 'ತೆರಿಗೆ ತಪ್ಪಿಸುವವರ ಗಲಾಟೆ' ಎಂದು ಓದುವವರಿದ್ದಾರೆ. ನನಗೆ ಅದು ಅರ್ಧ ಓದು ಅನ್ನಿಸುತ್ತದೆ. ತನ್ನದಲ್ಲದ ಮಾಲಿಗೆ ಲೆಕ್ಕ ಬರೆಯಬೇಕು ಎಂದಾಗ ಯಾರಾದರೂ ಕೇಳುತ್ತಾರೆ, ಯಾಕೆ ಅಂತ. ಮರುವರ್ಷದ ಬಜೆಟ್ಟಿನಲ್ಲಿ ಅದು ಐಚ್ಛಿಕವಾಯಿತು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಇದರ ಕಲಂ 143 ಓದಿ ನೋಡಿ: ಮಜೂರಿಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂದಿರುಗಬೇಕು, ಅದರ ಲೆಕ್ಕ ಇಡುವ ಹೊಣೆ ಮಾಲಿನ ಒಡೆಯನದು. ಕಾನೂನು ಮಟ್ಟಿಗೆ ಸರಿಯಾದದ್ದೇ. ಆದರೆ ಮಾಲು ಇರುವುದು ಬೇರೆಯವರ ಶೆಡ್ಡಿನಲ್ಲಿ. ಒಡೆಯನ ಲೆಕ್ಕ ಕೂಡಬೇಕಾದರೆ ಖರ್ಚೀವಾಲಾನ ಚಲನ್ ಹೊತ್ತಿಗೆ ಸರಿಯಾಗಿ, ಸರಿಯಾದ ತೂಕದೊಂದಿಗೆ ಬರಬೇಕು.

ಇಲ್ಲಿ ನಮ್ಮೂರಿನ ನಕಾಶೆ ಸ್ವಲ್ಪ ನೋಡೋಣ. ದತ್ತವಾಡ ಶಿರೋಳ ತಾಲೂಕಿನದು, ಮಹಾರಾಷ್ಟ್ರ. ದೂಧಗಂಗೆಯ ಸೇತುವೆ ದಾಟಿದರೆ ಮಲಿಕವಾಡ, ಚಿಕ್ಕೋಡಿ ತಾಲೂಕು, ಕರ್ನಾಟಕ. ಎರಡೂ ಕಡೆ ಮಾತು ಒಂದೇ, ಬೀಗರೂ ಒಂದೇ. 2018ರ ಜುಲೈನಿಂದ ಮಹಾರಾಷ್ಟ್ರ ಒಂದು ವಿನಾಯಿತಿ ಕೊಟ್ಟಿತು: ಮಜೂರಿಗಾಗಿ ನೂಲು, ಬಟ್ಟೆ ರಾಜ್ಯದೊಳಗೆ 50 ಕಿಲೋಮೀಟರ್‌ವರೆಗೆ ಹೋದರೆ ಇ-ವೇ ಬಿಲ್ ಬೇಡ. ರಾಜ್ಯದ ಗಡಿ ದಾಟುವ ಮಜೂರಿ ಮಾಲಿಗೆ ಮಾತ್ರ, ಬೆಲೆ ಎಷ್ಟೇ ಕಡಿಮೆಯಿರಲಿ, ಇ-ವೇ ಬಿಲ್ ಬೇಕೇ ಬೇಕು. ಅಂದರೆ ಇಚಲಕರಂಜಿಯಿಂದ ಹೊರಟ ಬೀಮು ದತ್ತವಾಡದಲ್ಲಿ ಇಳಿದರೆ ಚಲನ್ ಸಾಕು. ಅದೇ ಬೀಮು ಸೇತುವೆ ದಾಟಿದರೆ ಅಂತರರಾಜ್ಯ ವ್ಯವಹಾರ. (ಮಳೆಗಾಲದಲ್ಲಿ ಆ ಸೇತುವೆ ನೀರಿನಲ್ಲಿ ಮುಳುಗುತ್ತದೆ, ಆಗ ಸುತ್ತುಹಾಕಿ ಹೋಗಬೇಕು, ಅದು ಬೇರೆ ಮಾತು.) ಗಡಿಯಾಚೆಯ ಸಣ್ಣ ನೇಕಾರನಿಗೆ ಮೊದಲು ಜಿಎಸ್‌ಟಿ ನೋಂದಣಿಯೂ ಕಡ್ಡಾಯವಾಗಿತ್ತು, 2017ರ ಸೆಪ್ಟೆಂಬರಿನಲ್ಲಿ 20 ಲಕ್ಷದೊಳಗಿನವರಿಗೆ ಸಡಿಲಿಸಿದರು. ಈ ಯಾವ ಬದಲಾವಣೆಯ ಹೊತ್ತಿಗೂ ನಾಲ್ಕು ಪಾಲುದಾರರು ಕೂತು 'ನಿನ್ನ ಪಾಲಿನ ಕಾಗದ ಇದು, ನನ್ನದು ಇದು' ಎಂದು ಹಂಚಿಕೊಳ್ಳುವ ವೇದಿಕೆಯನ್ನು ಯಾವ ನಿಯಮವೂ ಕೇಳಲಿಲ್ಲ. ಪ್ರತಿ ನಿಯಮವೂ ಒಂದೊಂದು ಸಂಸ್ಥೆಯನ್ನೇ ನೋಡಿ ಬರೆದದ್ದು. ಕೆಲಸ ಮಾತ್ರ ನಾಲ್ವರದು.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: "ಲಿಖಿತ ಒಪ್ಪಂದ ಮಾಡಿಕೊಂಡರ ಮುಗೀತಲ್ಲ?" ಒಳ್ಳೆಯ ಪ್ರಶ್ನೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಒಪ್ಪಂದ ಇದ್ದರೆ ಹಣ ಕೊಡಲು ಗರಿಷ್ಠ 45 ದಿನ, ಇಲ್ಲದಿದ್ದರೆ 15. ಕಾಗದ ಇಲ್ಲದವನಿಗೇ ಕಾನೂನು ಹೆಚ್ಚು ಒಲಿದಿದೆ! 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ 43ಬಿ(ಎಚ್) ಸೇರಿಸಿತು: ಸೂಕ್ಷ್ಮ, ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ನಿಜವಾಗಿ ಕೊಟ್ಟ ವರ್ಷವೇ ಖರ್ಚೆಂದು ತೋರಿಸಬೇಕು. ನೇಕಾರನ ಪರ ಬಂದ ನಿಯಮ. ಆದರೂ ನೋಂದಾಯಿತ ಸಣ್ಣವರನ್ನು ಬಿಟ್ಟು ಬೇರೆಯವರಿಂದ ಮಾಲು ಕೊಳ್ಳುವ ಆತಂಕವನ್ನು 2024ರ ಆರಂಭದಲ್ಲಿ ಬಟ್ಟೆ ಪೇಟೆಗಳಿಂದ ಪತ್ರಿಕೆಗಳು ವರದಿ ಮಾಡಿದವು. ತಡವಾದ ಮಜೂರಿಗೆ ಬಡ್ಡಿ ಕೇಳಲು ಫೆಸಿಲಿಟೇಶನ್ ಕೌನ್ಸಿಲ್ ಇದೆ. ಅಲ್ಲಿಗೆ ಹೋಗಬೇಕಾದರೆ ನಾಳೆ ಬೀಮು ಕೊಡಬೇಕಾದವನ ಮೇಲೆಯೇ ಇವತ್ತು ಅರ್ಜಿ ಹಾಕಬೇಕು.

ಈ ಇತಿಹಾಸಕ್ಕೆ ಆಕರ ಎಲ್ಲಿ ಅಂತ ಗುರುಗಳು ಕೇಳಿದರು. ಕಾಯ್ದೆ, ಅಧಿಸೂಚನೆ ಮುದ್ರಣದಲ್ಲಿವೆ. ಖರ್ಚೀವಾಲಾನ ಕಡೆಯದು ಚಲನ್ ಪುಸ್ತಕದ ಕಾರ್ಬನ್ ಪ್ರತಿಗಳಲ್ಲಿದೆ, ಮರಾಠಿ ಅಂಕಿಯಲ್ಲಿ. ಅವು ರದ್ದಿಗೆ ಹೋಗುವ ಮೊದಲು ಓದಬೇಕು. ಮುಂದಿನ ಆರು ತಿಂಗಳು ನಾನು ಮಾಡಬೇಕೆಂದಿರುವುದು ಅದನ್ನೇ.