ಪುರಶೋಧನದಲ್ಲಿ ಪೌರರ ಪಾಲು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳು ಒಂದೇ ಜಲಸೂತ್ರದಲ್ಲಿ ಪೋಣಿಸಲ್ಪಟ್ಟಿವೆ. ಆಳಂದದ ಕಡೆ ಹುಟ್ಟುವ ಅಮರಜೆಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಭೀಮೆಯೇ ಮುಂದೆ ಜೇವರ್ಗಿಯ ಸೀಮೆಯನ್ನು ಸೋಂಕಿ ಹರಿಯುತ್ತದೆ. ಮೇಲಣ ಊರಿನವರು ಹಳ್ಳಕ್ಕೆ ಚೆಲ್ಲಿದ್ದು ಕೆಳಗಣವರ ನೀರಿಗೆ ಬರಲು ದಾರಿ ತೆರೆದೇ ಇದೆ. ಆದುದರಿಂದ ಇಲ್ಲಿಯ ಕಸವನ್ನು ತೆಗೆಯತಕ್ಕವರು ಯಾರೆಂಬ ಪ್ರಶ್ನೆಯು ಒಂದು ಮನೆಗೆ ಅಥವಾ ಒಂದು ಊರಿಗೆ ಸೇರಿದುದಲ್ಲ.

ಪ್ರಾಚೀನರು ಈ ಪ್ರಶ್ನೆಗೆ ಕೊಟ್ಟ ಉತ್ತರವು ಗಮನಾರ್ಹವಾಗಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಗರಿಕಪ್ರಣಿಧಿಯೆಂಬ ಪ್ರಕರಣವು, ಬೀದಿಯಲ್ಲಿ ಮಣ್ಣುಕಸ ಸುರಿದವನಿಗೆ ಪಣದ ಎಂಟನೆಯ ಒಂದು ಭಾಗವನ್ನೂ, ಕೆಸರುನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ಕಾಲು ಪಣವನ್ನೂ, ರಾಜಮಾರ್ಗದಲ್ಲಾದರೆ ಇವುಗಳ ಇಮ್ಮಡಿಯನ್ನೂ ದಂಡವಾಗಿ ವಿಧಿಸುತ್ತದೆ. ಸತ್ತ ಬೆಕ್ಕು ನಾಯಿಗಳನ್ನು ಊರೊಳಗೆ ಬಿಸುಟವನಿಗೆ ೩ ಪಣ. ರೋಗದಿಂದಲೋ ಔಷಧದಿಂದಲೋ ಭಯದಿಂದಲೋ ಮಲಮೂತ್ರಗಳನ್ನು ತಡೆಯಲಾರದವನಿಗೆ ದಂಡವಿಲ್ಲವೆಂಬ ದಾಕ್ಷಿಣ್ಯವೂ ಅಲ್ಲಿದೆ.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ವಿಧಿಯು ಇದಕ್ಕಿಂತಲೂ ಕಟ್ಟುನಿಟ್ಟಾದುದು. ಆಪತ್ತಿಲ್ಲದೆ ರಾಜಮಾರ್ಗವನ್ನು ಹೊಲಸು ಮಾಡಿದವನು ಎರಡು ಕಾರ್ಷಾಪಣಗಳನ್ನು ತೆತ್ತು, ಆ ಹೊಲಸನ್ನು ಕೂಡಲೇ ಶೋಧಿಸತಕ್ಕದ್ದು. ವೃದ್ಧ, ಗರ್ಭಿಣಿ, ಬಾಲರಿಗೆ ಹಣದ ದಂಡವಿಲ್ಲ, ಗದರಿಕೆ ಮಾತ್ರ. ಆದರೆ ಶೋಧನವು ಅವರಿಗೂ ತಪ್ಪಿದ್ದಲ್ಲ. ಹಣ ತೆತ್ತ ಮಾತ್ರಕ್ಕೆ ಕರ್ತವ್ಯವು ತೀರದೆಂಬುದೇ ಇದರ ತಾತ್ಪರ್ಯ.

ಆದರೆ ಅದೇ ಸ್ಮೃತಿಯ ಹತ್ತನೆಯ ಅಧ್ಯಾಯವು ಚಂಡಾಲಾದಿಗಳಿಗೆ ಊರ ಹೊರಗೆ ವಾಸವನ್ನು ವಿಧಿಸಿತು. ಲೋಕವು ಮೊದಲನೆಯ ವಿಧಿಯನ್ನು ಮರೆತು ಎರಡನೆಯದನ್ನೇ ಬಿಗಿಯಾಗಿ ಹಿಡಿಯಿತು. ಹೊಲಸು ಮಾಡುವವರು ಒಳಗೆ, ತೆಗೆಯುವವರು ಹೊರಗೆ ಎಂಬ ಈ ಏರ್ಪಾಡನ್ನು ಶಾಸ್ತ್ರಸಮ್ಮತವೆಂದು ಸಾಧಿಸುವವರು ಶಾಸ್ತ್ರವನ್ನು ಅರ್ಧ ಮಾತ್ರ ಓದಿದವರೆಂದು ಹೇಳದೆ ವಿಧಿಯಿಲ್ಲ. ಆಳಂದಕ್ಕೆ ನೆರೆಯಾದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಇದನ್ನು ತಿದ್ದಲೆಳಸಿದರು. ಭಕ್ತರ ಮನೆಯಂಗಳವನ್ನು ಗುಡಿಸುವುದು ಸತ್ಯಕ್ಕನ ಕಾಯಕವೆಂದು ಪ್ರತೀತಿ. ಕಸಬರಿಗೆ ಹಿಡಿದ ಆ ಕೈಯೇ ವಚನಗಳನ್ನೂ ರಚಿಸಿತು.

ಒಕ್ಕಲುತನದ ಊರುಗಳಲ್ಲಿ ಮತ್ತೊಂದು ಪದ್ಧತಿಯಿತ್ತು. ಸೆಗಣಿ, ಬೂದಿ, ಕಸಕಡ್ಡಿಗಳೆಲ್ಲ ತಿಪ್ಪೆಗುಂಡಿಗೆ ಬಿದ್ದು, ಕೊಳೆತು, ಮುಂಗಾರಿಗೆ ಮುನ್ನ ಬಂಡಿಯೇರಿ ಹೊಲ ಸೇರುತ್ತಿದ್ದವು. ತಿಪ್ಪೆಯು ಮನೆಯ ಆಸ್ತಿಯಾಗಿತ್ತು. ಪ್ಲಾಸ್ಟಿಕ್ಕು ಬಂದು ತಿಪ್ಪೆಯನ್ನು ಕೆಡಿಸಿತು. ಕೊಳೆಯದುದನ್ನು ಹೊಲವು ಒಲ್ಲದು.

೧೯೪೮ರ ಸೆಪ್ಟೆಂಬರಿನವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದ ಈ ಭಾಗವು ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ೧೯೬೪ರ ಪುರಸಭೆಗಳ ಕಾಯಿದೆಯು ಬೀದಿ ಗುಡಿಸುವ ಹೊಣೆಯನ್ನು ಪುರಸಭೆಯ ಮೇಲಿರಿಸಿತು. ಮನೆಯವರ ಹೊಣೆಯು ಪುರಸಭೆಗೂ, ಅಲ್ಲಿಂದ ಹಿಂದಿನ ಅದೇ ಕೇರಿಗಳಿಗೂ ಇಳಿಯಿತು. ತಲೆಯ ಮೇಲೆ ಮಲ ಹೊರುವುದನ್ನು ೧೯೭೦ರ ದಶಕದಲ್ಲಿ ನಿಲ್ಲಿಸಹೊರಟ ಸಚಿವ ಬಿ. ಬಸವಲಿಂಗಪ್ಪನವರ ಹೆಸರನ್ನು ಇಲ್ಲಿ ಬಿಡಲಾಗದು.

ಹೊಣೆಯನ್ನು ಮತ್ತೆ ಮನೆಯ ಹೊಸ್ತಿಲಿಗೆ ತಂದುದು ಬೆಂಗಳೂರಿನ ಅಲ್ಮಿತ್ರಾ ಪಟೇಲರು ೧೯೯೬ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ವ್ಯಾಜ್ಯ. ಅದರ ಬೆನ್ನಿಗೆ ೨೦೦೦ದ ನಿಯಮಗಳೂ ೨೦೧೬ರ ನಿಯಮಗಳೂ ಹೊರಟವು. ಹಸಿ ಕಸ, ಒಣ ಕಸ, ಮನೆಯ ಅಪಾಯಕರ ಕಸ ಎಂದು ಮೂರಾಗಿ ವಿಂಗಡಿಸಿಯೇ ಒಪ್ಪಿಸಬೇಕೆಂದು ಈ ಎರಡನೆಯವು ವಿಧಿಸಿದವು.

ಇಲ್ಲಿ ಒಂದು ಶಬ್ದವಿಚಾರವು ಅಪ್ರಸ್ತುತವಾಗದು. ಪೊರಕೆಯು ಎಸೆದುದಕ್ಕೆ ಅಮರಸಿಂಹನು ಹೇಳುವ ಹೆಸರುಗಳು ಎರಡು: ಸಂಕರ, ಅವಕರ. ಸಂಕರವೆಂದರೆ ಬೆರಕೆ. ಬೇರೆ ಬೇರೆಯಾಗಿದ್ದಾಗ ಗೊಬ್ಬರವೂ ಕಾಗದವೂ ತಗಡೂ ಆಗಿದ್ದುದು ಬೆರೆತೊಡನೆ ಕಸವಾಗುತ್ತದೆ. ಹಾಗಿರಲು, ಅಕ್ಟೋಬರ್ ೨ರಂದು ಕಸಬರಿಗೆ ಹಿಡಿದು ಚಿತ್ರ ತೆಗೆಸಿಕೊಳ್ಳುವುದನ್ನೇ ಪೌರರ ಪಾಲೆಂದು ಎಣಿಸುವುದು ಯುಕ್ತವಲ್ಲ. ಆಳಂದದಲ್ಲಾಗಲಿ ಜೇವರ್ಗಿಯಲ್ಲಾಗಲಿ, ಮನೆಯೊಳಗೆ ಬೇರ್ಪಡದ ಒಡೆದ ಗಾಜನ್ನು, ಮುಸುರೆಯಲ್ಲಿ ನೆನೆದ ಬಟ್ಟೆಯನ್ನು, ತುಕ್ಕು ಹಿಡಿದ ಬ್ಲೇಡನ್ನು ಬೀದಿಯಲ್ಲಿ ನಿಂತು ಬಿಡಿಸತಕ್ಕುದು ಪೌರಕಾರ್ಮಿಕರ ಕೈ.